ಕಾಯಿಸಿಟ್ಟ ಎಂಜಿನ್

ಭಾನುವಾರ, ಸಂಜೆ

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ಅಳಿಯಂದಿರು ನಿನಗೆ ಬರೆದುದನ್ನು ನನಗೆ ಓದಿ ಹೇಳಿದರು. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತೆಂಬುದು ಅರೆಸತ್ಯ. ಅದರ ಸದ್ದಿಗೆ ಅತ್ತೆ ಬೆದರಿದರೆಂಬುದು ಪೂರ್ಣ ಸುಳ್ಳು. ಮೂವತ್ತು ವರ್ಷ ತರಗತಿಯ ಗದ್ದಲದಲ್ಲಿ ಬಾಳಿದವಳು ಸದ್ದಿಗೆ ಬೆದರುವುದಿಲ್ಲ.

ನಡೆದದ್ದು ಇಷ್ಟು. ನಾವು ಕೊಳ್ಳಲೆಂದು ನೋಡಹೋದ ಹಳೆಯ ದೋಣಿಯ ಮಾಲೀಕ, ಎಲ್ಲರೂ ಮೀಸೆಯಣ್ಣನೆಂದು ಕರೆಯುವಾತ, ಎರಡು ವಾರದಿಂದ ಎಂಜಿನ್ ಮುಟ್ಟಿಯೇ ಇಲ್ಲವೆಂದ. ಮುಚ್ಚಳ ತೆಗೆದೊಡನೆ ನಾನು ಮುಂಗೈಯನ್ನು ಕಬ್ಬಿಣಕ್ಕೆ ಒತ್ತಿದೆ. ಅದಕ್ಕೆ ಜ್ವರವಿತ್ತು. ಬಿಸಿಲಿನಲ್ಲಿ ನಿಂತು ಹಣೆ ಕಾಯಿಸಿಕೊಂಡು ರಜೆ ಕೇಳುವ ಹುಡುಗರನ್ನು ನಾನೆಷ್ಟು ಕಂಡಿಲ್ಲ! ನಾವು ಬರುವ ಮೊದಲೇ ಅದನ್ನು ಓಡಿಸಿ ಕಾಯಿಸಿಟ್ಟಿದ್ದಾನೆ, ತಣ್ಣಗಿದ್ದರೆ ಹೊತ್ತಿಕೊಳ್ಳದೇನೋ ಎಂದು ಅಳಿಯಂದಿರ ಕಿವಿಯಲ್ಲಿ ಹೇಳಿದೆ.

"ಅದಕ್ಕೂ ರಜಾ ಚೀಟಿ ಬರ್ದುಕೊಡಿ ಅತ್ತೆ" ಎಂದು ಅವರು ನಕ್ಕರು. ಮೀಸೆಯಣ್ಣನೂ ನಕ್ಕ.

ಆ ನಗು ನನ್ನನ್ನು ಚುಚ್ಚಿತು. ದಡದಲ್ಲೇ ಆಡಬೇಕಿದ್ದ ಮಾತನ್ನು ಹೊಳೆಯ ನಡುವೆ ಆಡಿದೆ: ಈಗ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಹೊತ್ತಿಸಿ ತೋರಿಸಿ. ಲಂಗರು ಇದೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೈಯಿಟ್ಟರೆ ತಣ್ಣಗೆನ್ನಿಸುವವರೆಗೆ ದೋಣಿ ಮೆಲ್ಲಗೆ ತೇಲಿತು. ಆಮೇಲೆ ಕೀಲಿ ತಿರುವಿದರೆ ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಕಾರಿತು, ಹೊತ್ತಿಕೊಳ್ಳಲಿಲ್ಲ. ಕೊನೆಗೆ ಬ್ಯಾಟರಿಯೂ ಸೋತಿತು. ಅಷ್ಟರಲ್ಲಿ ಸೆಳವು ನಮ್ಮನ್ನು ಅರ್ಧಕ್ಕೇ ನಿಂತ ಸೇತುವೆಯ ಕಂಬದತ್ತ ಎಳೆಯುತ್ತಿತ್ತು. ಇದ್ದ ಒಂದೇ ಬಿದಿರ ಗಳುವನ್ನು ಅಳಿಯಂದಿರು ಕಂಬಕ್ಕೆ ಆನಿಸಿ ಒತ್ತಿದರು. ದೋಣಿಯ ಮಗ್ಗುಲು ಉಜ್ಜಿದ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ. ಅತ್ತ ಬಂದ ಮರಳು ಸಾಗಿಸುವ ದೋಣಿಯವರು ಹಗ್ಗ ಎಸೆಯದಿದ್ದರೆ ಏನಾಗುತ್ತಿತ್ತೋ, ಬರೆಯಲಾರೆ.

ಇಷ್ಟಾದರೂ ಅಳಿಯಂದಿರಿಗೆ ಅದೇ ದೋಣಿ ಬೇಕು. "ಹಳೇ ಎಂಜಿನ್ ಅಂದ್ಮೇಲೆ ಅಷ್ಟಿಷ್ಟು ಇದ್ದೇ ಇರತ್ತೆ" ಎನ್ನುತ್ತಾರೆ. ಶನಿವಾರ ಮಾತು ಮುಗಿಸುತ್ತಾರಂತೆ. ಆಚೆ ದಡದ ಮಕ್ಕಳನ್ನು ಶಾಲೆಗೆ ದಾಟಿಸಬೇಕಾದ ದೋಣಿ ಇದು, ತಾಯಿ. ನಡುನೀರಿನಲ್ಲಿ ಒಮ್ಮೆ ನಿಂತರೆ ಸಾಕು. ನನ್ನ ಮಾತು ಅವರಿಗೆ ಪಾಠದಂತೆ ಕೇಳಿಸುತ್ತದೆ. ನಿನ್ನ ಮಾತನ್ನು ಮೀರುವವರಲ್ಲ. ನಿನ್ನ ತರಬೇತಿ ಮುಗಿದು ಊರಿಗೆ ಬರುವವರೆಗೆ ಕಾಯದೆ, ಈ ಪತ್ರ ಸಿಕ್ಕಿದ ದಿನವೇ ಅವರಿಗೆ ಬೇಡವೆಂದು ಬರೆ.

ಗುಬ್ಬಿ ಸೌಖ್ಯ. ಎರಡು ದಿನದಿಂದ ಮಾತು ಕಡಿಮೆ, ನನ್ನ ಸೆರಗು ಬಿಡುತ್ತಿಲ್ಲ. ನಿನ್ನ ನೆನಪು ಕಾಡುತ್ತಿರಬೇಕು.

ಅಕ್ಷರಗಳು ಸೊಟ್ಟಗಿವೆ. ತಿದ್ದಿ ಬರೆಯದೆ ಹಾಗೆಯೇ ಕಳಿಸುತ್ತಿದ್ದೇನೆ.

ಇಂತು ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ. ನಿನಗೆ ಹೇಳಬಾರದೆಂದು ಅಳಿಯಂದಿರೂ ನಾನೂ ಒಪ್ಪಿಕೊಂಡಿದ್ದೆವು. ಆದರೆ ಇದನ್ನು ತಿಳಿಯದೆ ನೀನು ಬರೆಯುವ 'ಬೇಡ'ಕ್ಕೆ ಸಾಕಷ್ಟು ಬಲ ಬಾರದು. ನಾನು ಎಂಜಿನ್ ನಿಲ್ಲಿಸಿ ಎಂದಾಗ ದೋಣಿಯಲ್ಲಿದ್ದವರು: ಮೀಸೆಯಣ್ಣ, ಅಳಿಯಂದಿರು, ನಾನು, ನನ್ನ ಮಡಿಲಲ್ಲಿ ನಿನ್ನ ಮಗಳು ಗುಬ್ಬಿ.