ಎರಡನೆಯ ಸ್ನಾನ

ರಾಯಚೂರು
9-11-2024, ಶನಿವಾರ

ಪೂಜ್ಯ ಅತ್ತೆಯವರಿಗೆ ಸ್ವಪ್ನಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಮೊದಲ ಸಾಲಿನಲ್ಲೇ ಸುಳ್ಳಾಗುತ್ತದೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸಿದರೂ ನನ್ನ ದನಿ ಎಂದು ಗೊತ್ತಾದ ಕೂಡಲೇ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಕೇಳುವುದು ಒಂದೇ. ನೀವು ಮಾನ್ವಿಯಿಂದ ಬಂದು ಪೂರ್ಣಿಯ ಜೊತೆ ಇರಬೇಕು. ಭಾವನವರು ಬಸ್ಸು ಹತ್ತಿಸಿದರೆ ಸಾಕು, ನಾನು ಸ್ಟ್ಯಾಂಡಿಗೆ ಬರುತ್ತೇನೆ.

ವರ್ಷದ ಹಿಂದೆ ನಿಮ್ಮ ಮೊಮ್ಮಗಳನ್ನು ಎತ್ತಿಕೊಂಡು ಮನೆ ಬಿಟ್ಟು ಬಂದವಳು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಕೇಳುತ್ತಾಳೆ ಎಂದು ಅನ್ನುತ್ತೀರಿ. ಅನ್ನಿ. ಆ ದ್ವಾದಶಿಯ ಬೆಳಿಗ್ಗೆ ನೀವು ಮಡಿಯುಟ್ಟು ದೇವರ ಅಡುಗೆಗೆ ನಿಂತಿದ್ದಿರಿ. ಪೂರ್ಣಿ ಓಡಿಬಂದು ನಿಮ್ಮನ್ನು ಅಪ್ಪಿ ಸೀರೆಯಲ್ಲಿ ಮುಖ ಹುದುಗಿಸಿದಳು. ಅವಳು ತಾನಾಗಿ ಬಿಡುವ ತನಕ ನೀವು ಅಲ್ಲಾಡಲಿಲ್ಲ. ಆಮೇಲೆ ಹೋಗಿ ಇನ್ನೊಂದು ಸ್ನಾನ ಮಾಡಿ ಬಂದಿರಿ. ನನಗೆ ಕಂಡದ್ದು ಆ ಸ್ನಾನ ಒಂದೇ. ನನ್ನ ಮಗಳು ನಿಮಗೆ ಮೈಲಿಗೆಯೇ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ನೀವು ತಿರುಗಿ ಒಂದು ಮಾತೂ ಆಡಲಿಲ್ಲ, ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಇಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಲಿಸುವ ಅಲ್ಮಾಸ್ ಮೇಡಂ ಸಿಕ್ಕರು. ಮಗುವನ್ನು ತಟ್ಟನೆ ಮುಟ್ಟಬೇಡಿ, ಏನು ಮಾಡುವುದಿದ್ದರೂ ಮೊದಲು ಹೇಳಿ ಮಾಡಿ, ದಿನವೂ ಅದೇ ಹೊತ್ತಿಗೆ ಅದೇ ಕೆಲಸ ಆಗಲಿ ಎಂದರು. ಒಂದು ದಿನ ಅವರು ನೆಲದ ಮೇಲೆ ಗೆರೆ ಎಳೆದರೆ ಪೂರ್ಣಿ ಅದರಾಚೆ ಕಾಲು ಮಡಚಿ ಸುಮ್ಮನೆ ಕೂತಳು. “ಇಷ್ಟು ಚಂದ ಕುಂದ್ರೋದು ಮನ್ಯಾಗ ಯಾರು ಕಲಿಸ್ಯಾರ್ರೀ?” ಎಂದು ಕೇಳಿದರು. ನಾನೇ ಎಂದುಬಿಟ್ಟೆ.

ಕಲಿಸಿದವರು ನೀವು. ಅಡುಗೆಮನೆಯ ಬಾಗಿಲಿಗೆ ರಂಗೋಲಿ ಗೆರೆ ಎಳೆದು, “ಪೂರ್ಣೀ, ನಾ ಬರ್ಲಿಕ್ಕತ್ತೀನಿ, ಆಕಡೆ ಸರಕೋ. ಒಗ್ಗರಣಿ ಹಾಕ್ತೀನಿ, ಚರ್ ಅಂತದ, ಅಂಜಬ್ಯಾಡವಾ” ಎಂದು ದಿನವಿಡೀ ಹೇಳುತ್ತಿದ್ದಿರಿ. ಮಡಿಗಾಗಿ ಆಡಿದ ಮಾತೋ, ಅವಳಿಗಾಗಿ ಆಡಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ಬಸ್ಸು ಹತ್ತಿದೆ.

ಅಲ್ಮಾಸ್ ಮೇಡಂ ದಸರೆಗೆ ಮೊದಲೇ ಕೆಲಸ ಬಿಟ್ಟು ಹೈದರಾಬಾದಿಗೆ ಹೋದರು. ಅವರ ಜಾಗಕ್ಕೆ ಯಾರೂ ಬಂದಿಲ್ಲ, ಬರುವ ಹಾಗೂ ಕಾಣುವುದಿಲ್ಲ. ಪೂರ್ಣಿ ಕಲಿತದ್ದೆಲ್ಲ ಒಂದೊಂದಾಗಿ ಬಿಟ್ಟಳು. ನೀರು ಎನ್ನುತ್ತಿದ್ದಳು, ಅದೂ ಹೋಯಿತು. ಕುಕ್ಕರ್ ಕೂಗಿದರೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ನಿಮ್ಮ ಹಾಗೆಯೇ ನಾನೂ ಗೆರೆ ಎಳೆದು ನೋಡಿದೆ, ಕಾಲಿನಿಂದ ಅಳಿಸಿದಳು. ನಿಮ್ಮ ಮಗ ದೇವದುರ್ಗದ ಶಾಲೆಯಿಂದ ಬರುವುದು ರವಿವಾರ ಮಾತ್ರ. ಬಂದವರು ಅವಳ ಹಣೆಯ ಬಾವು ನೋಡಿ ಅರಿಶಿನ ಅರೆದು ಹಚ್ಚುತ್ತಾರೆ. ಬಳ್ಳಾರಿ ಕಡೆಯ ಒಂದು ವಸತಿ ಶಾಲೆಯ ಫಾರಂ ಮನೆಗೆ ಬಂದಿದೆ. ಇಂಥ ಮಕ್ಕಳನ್ನು ಅಲ್ಲಿಯೇ ಇಟ್ಟುಕೊಳ್ಳುತ್ತಾರಂತೆ, ಮೊದಲ ಆರು ತಿಂಗಳು ತಂದೆತಾಯಿ ನೋಡಲು ಹೋಗುವಂತಿಲ್ಲವಂತೆ. ನೀವು ಬಂದರೆ ಅದು ತಪ್ಪುತ್ತದೆ.

ಇನ್ನೊಂದು ಹೇಳಬೇಕು, ಹೊಟ್ಟೆಕಿಚ್ಚಿನ ಮಾತು. ಈ ಆರು ವರ್ಷದಲ್ಲಿ ಪೂರ್ಣಿ ತಾನಾಗಿ ಬಂದು ಅಪ್ಪಿಕೊಂಡದ್ದು ಒಂದೇ ಸಲ, ನಿಮ್ಮನ್ನು. ಹೆತ್ತ ನನ್ನನ್ನಲ್ಲ. ಅಂದು ನಾನು ಕೂಗಾಡಿದ್ದು ಸ್ನಾನಕ್ಕಲ್ಲ, ಅತ್ತೆಯವರೇ.

ಈ ಮನೆಯಲ್ಲಿ ಬಾವಿಯಿಲ್ಲ, ನಿಮ್ಮ ಮಡಿಗೆ ನಲ್ಲಿ ನೀರೇ ಗತಿ. ಎಪ್ಪತ್ತರ ಮೇಲೆ ನಿಮಗೆ ಇದು ಕಷ್ಟ. ಗೊತ್ತಿದ್ದೂ ಕೇಳುತ್ತಿದ್ದೇನೆ.

ನಿಮ್ಮ ಮಾತಿಗೂ ಮೌನಕ್ಕೂ ತಲೆಬಾಗಿ,
ಸೊಸೆ ಸ್ವಪ್ನಾ

ತಾ.ಕ.: ಆ ಫಾರಂ ತರಿಸಿದವಳು ನಾನು. ನಿಮ್ಮ ಮಗ ಓದಿ ಹರಿದುಹಾಕಿದರು. ನಾನು ಇನ್ನೊಂದು ತರಿಸಿ, ಅವರ ಸಹಿಯನ್ನೂ ನಾನೇ ಹಾಕಿ ಕಳಿಸಿಬಿಟ್ಟಿದ್ದೇನೆ. ಅವರಿಗೆ ಇನ್ನೂ ಗೊತ್ತಿಲ್ಲ. ಡಿಸೆಂಬರ್ ಎರಡಕ್ಕೆ ಬಿಟ್ಟುಬರಬೇಕು. ಅಷ್ಟರೊಳಗೆ ನೀವು ಬಂದು ಅವಳನ್ನು ನನ್ನ ಕೈಯಿಂದ ಬಿಡಿಸಿಕೊಳ್ಳದಿದ್ದರೆ ನಾನು ಬಿಟ್ಟುಬರುತ್ತೇನೆ. ನನ್ನನ್ನು ನಾನು ಬಲ್ಲೆ.