ಗಾಜಿನ ಮೇಲಿನ ಜಿಡ್ಡು

ಅಕ್ಕನಿಗೆ ನಮಸ್ಕಾರ. ಊಟ ಸೇರುತ್ತಿದೆ, ಗಾಬರಿಯಾಗಬೇಡ. ನಿನ್ನೆ ಇಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಪ್ರಾಸ್ಟೇಟ್ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಎಣ್ಣೆಯಂಥ ಹನಿಗಳು ಕಂಡವು. ನನ್ನದೇ ಕೈಜಿಡ್ಡು ಅಂಟಿತೇನೋ ಎಂದು, ನಮ್ಮ ತಿಂಡಿ ಅಂಗಡಿಯ ಅಭ್ಯಾಸದಂತೆ, ಅಂಗಿಯ ತುದಿಯಿಂದ ಆ ಚೂರಿಟ್ಟಿದ್ದ ಗಾಜು ಒರೆಸಹೋದೆ. ಅವರು ಕೈ ತಡೆದು ನಕ್ಕರು.

"ಅದು ಗಡ್ಡೆಯೊಳಗಿನ ಕೊಬ್ಬು. ನೀವು ಎಣ್ಣೆ ಮುಟ್ಟದಿದ್ರೂ ಗಡ್ಡೆ ತನಗೆ ಬೇಕಾದ ಕೊಬ್ಬನ್ನ ತಾನೇ ಮಾಡ್ಕೊಳ್ಳುತ್ತೆ."

"ಹಾಗಾದ್ರೆ ನಮ್ಮಕ್ಕ ಕರಿದು ಹಾಕಿದ್ದರಿಂದ ಬಂದಿದ್ದಲ್ವಾ?"

"ಜಿಡ್ಡು ಕಮ್ಮಿ ಮಾಡಿ, ಒಳ್ಳೇದು. ಆದ್ರೆ ಅದರಿಂದಲೇ ಬಂತು ಅಂತ ಯಾರೂ ಹೇಳೋಕಾಗಲ್ಲ."

ನನ್ನ ಕಾಯಿಲೆಗೆ ನೀನೇ ಕಾರಣವೆಂದು ಕೊರಗಿ ಅಂಗಡಿ ಮುಚ್ಚಿದ್ದೀಯಂತೆ. ಈ ಕಾರ್ಡು ಕೈಸೇರಿದ ಕೂಡಲೇ ಬಾಗಿಲು ತೆಗೆದು ಬಾಣಲೆ ಇಡು. ನನ್ನ ತಟ್ಟೆಗೆ ಮಾತ್ರ ಬೇಯಿಸಿದ್ದು ಹಾಕು. ನಿನ್ನನ್ನು ಬೈಯುತ್ತಲೇ ತಿನ್ನುತ್ತೇನೆ.

ನಿನ್ನ ತಮ್ಮ