ಎರಡನೆಯ ಬಿಸ್ಕತ್ತು

ಹಾರ್ಲಿಂಗನ್,
ಭಾನುವಾರ, 9 ನವೆಂಬರ್ 2014

ಪ್ರೀತಿಯ ಯಿಟ್ಸ್ಕೆ ಅಕ್ಕಾ,

ಮಂಡಿನೋವು ಹೇಗಿದೆ? ದ್ವೀಪದ ಆ ಗಾಳಿಯಲ್ಲೂ ಸೈಕಲ್ ಹೊಡೆಯುತ್ತಿರುತ್ತೀಯ, ಬೇಡವೆಂದರೆ ನೀನೆಲ್ಲಿ ಕೇಳುತ್ತೀಯ! ಒಂದು ಹಲ್ಲನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ.

ನಮ್ಮ ಸಿನಿಮಾಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ನಿನ್ನೆ ಲೇವಾರ್ಡೆನ್ನಿನಲ್ಲಿ ಮತ್ತೆ ತೋರಿಸಿದರು. ಬಿಡುಗಡೆಯಾದಾಗ ಎರಡು ವಾರವೂ ಓಡದ ಚಿತ್ರಕ್ಕೆ ಈಗ ಜನ ಹರಕೆ ಹೊತ್ತವರಂತೆ ವರ್ಷವರ್ಷವೂ ಬರುತ್ತಾರೆ, ಪ್ರತಿಯೊಬ್ಬರ ಕೈಯಲ್ಲೂ ಬಿಸ್ಕತ್ತಿನ ತಗಡಿನ ಡಬ್ಬಿ. ವಿಗ್ ಹಾಕಿ, ಏಪ್ರನ್ ಕಟ್ಟಿ ನಾನು ಆಡಿದ ಆ ಜಿಪುಣಿ ಹೆಂಗಸು ಕಾಫಿಗೆ ಬಂದವರಿಗೆ "ಒಂದೇ ಒಂದು ತಗೊಳ್ಳಿ, ಹ್ಞಾಂ!" ಎಂದು ಡಬ್ಬಿ ಮುಚ್ಚುತ್ತಾಳಲ್ಲ, ಆಗ ಇಡೀ ಚಿತ್ರಮಂದಿರವೇ ಕೈಯಲ್ಲಿರುವ ಡಬ್ಬಿಗಳನ್ನು ಟಪ್ಪೆಂದು ಮುಚ್ಚುತ್ತದೆ. ಕಾಫಿಗೆ ಒಂದೇ ಬಿಸ್ಕತ್ತು ಕೊಡುವುದು ಎಲ್ಲರ ಮನೆಯ ರೂಢಿಯೇ. ಆದರೆ ಆ "ಹ್ಞಾಂ", ಏರಿದ ಆ ಹುಬ್ಬು, ಮುಚ್ಚಳದ ಮೇಲೆ ಊರಿದ ಆ ಮೊಣಕೈ, ಎಲ್ಲ ನಿನ್ನವು. ನಮ್ಮ ಬೀದಿಯವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಚಿತ್ರಕ್ಕೆ ಹೆಸರು ಬಂದ ಮೇಲೆ ಬೇಕರಿಯಲ್ಲಿ "ಒಂದೇ ಸಾಕಾ ಅಕ್ಕೋರೆ?" ಎಂದು ನಿನ್ನನ್ನು ಛೇಡಿಸಿದರು, ನಿನ್ನ ಹುಟ್ಟುಹಬ್ಬಕ್ಕೆ ಬಂದವರು ಖಾಲಿ ಡಬ್ಬಿಗಳನ್ನೇ ಉಡುಗೊರೆ ತಂದರು. "ನಗ್ಲಿ ಬಿಡೋ, ನಿಂಗೆ ಹೆಸರು ಬಂತಲ್ಲ" ಅಂದೆ ನೀನು. ಮರುವರ್ಷ ಮನೆ ಬಿಟ್ಟು ದ್ವೀಪಕ್ಕೆ ಹೊರಟೆ. ಮಂಡಿಗೆ ಸಮುದ್ರದ ಗಾಳಿ ಒಳ್ಳೆಯದು ಎಂದೆ, ನಂಬಿದವನಂತೆ ನಾನೂ ತಲೆಯಾಡಿಸಿದೆ.

ನಿರ್ದೇಶಕರಿಗೆ ನಾನು ಆಡಿ ತೋರಿಸಿದ್ದು ಅರ್ಧ ಮಾತ್ರ. ಅಮ್ಮ ತೀರಿಕೊಂಡಾಗ ನಿನಗೆ ಹದಿನಾರು, ನನಗೆ ಎಂಟು. ಬಂದವರು ಎದ್ದುಹೋದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ನನಗೆ ಎರಡನೆಯದು ಸಿಗುತ್ತಿತ್ತು. ಅದು ಡಬ್ಬಿಯದಲ್ಲ, ನೀನು ತಿನ್ನದೆ ಏಪ್ರನ್ ಜೇಬಿನಲ್ಲಿಟ್ಟುಕೊಂಡಿದ್ದ ನಿನ್ನ ಪಾಲು. ಅದನ್ನೂ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಉಂಡ ಮನೆಯ ಜಂತೆ ಎಣಿಸಿದವನು ನಾನು. ನಾಚಿಕೆಯಾಗುತ್ತದೆ ಅಕ್ಕಾ. ನಿನ್ನೆ ವೇದಿಕೆಯ ಮೇಲೆ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ.

ನಿನ್ನ ಮುದಿ ಬೆಕ್ಕಿಗೂ ನನ್ನ ನೆನಪು ಹೇಳು. ಕಾಲು ಬೆಚ್ಚಗಿಟ್ಟುಕೋ.

ನಿನ್ನ ತಮ್ಮ,
ವೀಬ್ರೆನ್

ಮ.ಬ.: ಮರೆತು ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನಾನು ಹೇಳಲಿಲ್ಲ. ಒಬ್ಬಳು ಹುಡುಗಿ ಎದ್ದು, "ಆ ಹೆಂಗಸು ನಿಜವಾಗ್ಲೂ ಇದ್ದಾರಾ ಸರ್?" ಎಂದು ಕೇಳಿಯೂ ಬಿಟ್ಟಳು. "ಇಲ್ಲಮ್ಮ, ಎಲ್ಲಾ ನನ್ನ ತಲೇಲಿ ಹುಟ್ಟಿದ್ದು" ಅಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನು ತಲೆಬಾಗಿ ಸ್ವೀಕರಿಸಿದೆ. ಗುರುವಾರ ಮೊದಲ ಹಡಗಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಡಬ್ಬಿ ಇಳಿಸಬೇಡ, ಬಿಸ್ಕತ್ತು ನಾನೇ ತರುತ್ತೇನೆ. ಎರಡೂ ನಿನಗೆ.